ನಷ್ಟ ಯಾರ ಪಾಲಿಗೆ

ಗ್ಲೋಬಲ್ ಟ್ರಸ್ಟ್ ಬ್ಯಾಂಕಿನ ಮೇಲೆ ಮೊರಟೋರಿಯಂ ಬಿದ್ದದ್ದು 2004ರ ಜುಲೈ 24ರ ಶನಿವಾರ. ಠೇವಣಿದಾರರು 10,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ಆದೇಶ. ಆಗ ನಾನು ಹುಬ್ಬಳ್ಳಿಯಲ್ಲಿ ಒಂದು ಸರಕಾರಿ ಬ್ಯಾಂಕಿನ ಶಾಖೆಯ ಮ್ಯಾನೇಜರು. ನಮಗೂ ಆ ಬ್ಯಾಂಕಿಗೂ ಯಾವ ನಂಟೂ ಇರಲಿಲ್ಲ. ಆದರೂ ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೆ ದುರ್ಗದ ಬೈಲಿನ ಕಿರಾಣಿ ವ್ಯಾಪಾರಿಯೊಬ್ಬರು ಬಂದು ಕಾಯುತ್ತಿದ್ದರು. ರಬ್ಬರ್ ಬ್ಯಾಂಡ್ ಹಾಕಿದ ಎಫ್.ಡಿ. ರಸೀದಿಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಕೂರದೆಯೇ ಕೇಳಿದರು: "ಸಾಹೇಬ್ರ, ನಿಮ್ ಬ್ಯಾಂಕಿಗೇನೂ ಆಗಂಗಿಲ್ಲಲ್ರೀ?"

ನಮ್ಮ ಬ್ಯಾಂಕಿನ ಬಂಡವಾಳ ಎಷ್ಟು, ವಸೂಲಾಗದ ಸಾಲ ಎಷ್ಟು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕಿಟಕಿಯಾಚೆ ಬೋರ್ಡಿನ ಕಡೆ ಕೈ ತೋರಿಸಿದರು. ಬ್ಯಾಂಕಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಭಾರತ ಸರಕಾರದ ಉದ್ಯಮ' ಎಂದಿತ್ತು. "ಅದ್ ಐತಲ್ರೀ, ಸಾಕು" ಅಂದರು. ಚಹಾ ಕುಡಿದು, ರಸೀದಿಗಳನ್ನು ಮತ್ತೆ ಕಟ್ಟಿಕೊಂಡು ಹೋದರು. ನಮ್ಮ ಬ್ಯಾಲೆನ್ಸ್ ಶೀಟನ್ನು ಅವರು ಯಾವತ್ತೂ ಓದಿರಲಿಲ್ಲ. ಓದಬೇಕಾದ ಅಗತ್ಯವೂ ಅವರಿಗೆ ಕಂಡಿರಲಿಲ್ಲ. ಆ ಒಂದು ಸಾಲಿನಲ್ಲಿ ಅವರ ಮಟ್ಟಿಗೆ ಎಲ್ಲವೂ ಇತ್ತು.

ಗ್ಲೋಬಲ್ ಟ್ರಸ್ಟ್ ಬ್ಯಾಂಕು ಸಣ್ಣ ಪುಟ್ಟ ಅಂಗಡಿಯಾಗಿರಲಿಲ್ಲ. ಉದಾರೀಕರಣದ ನಂತರ ಲೈಸೆನ್ಸ್ ಪಡೆದ ಹೊಸ ತಲೆಮಾರಿನ ಖಾಸಗಿ ಬ್ಯಾಂಕುಗಳಲ್ಲಿ ಒಂದು, 1994ರದ್ದು. ಕಟ್ಟಿದವರು ರಮೇಶ್ ಗೆಲ್ಲಿ. ಅದಕ್ಕೂ ಮೊದಲು ಬೆಂಗಳೂರಿನ ವೈಶ್ಯ ಬ್ಯಾಂಕನ್ನು ಮುನ್ನಡೆಸಿದ್ದರಿಂದ ಕರ್ನಾಟಕದ ಬ್ಯಾಂಕು ನೌಕರರಿಗೆಲ್ಲ ಅವರ ಹೆಸರು ಗೊತ್ತು. ನಾವು ಕೈಬರಹದ ಲೆಡ್ಜರಿನೊಂದಿಗೆ ಗುದ್ದಾಡುತ್ತಿದ್ದಾಗ ಅವರ ಶಾಖೆಗಳಲ್ಲಿ ಏರ್ ಕಂಡಿಷನರ್, ಕಂಪ್ಯೂಟರ್. ನಮ್ಮಲ್ಲಿ ಕೆಲವರು ಅಸೂಯೆಯಿಂದಲೇ ಅತ್ತ ನೋಡುತ್ತಿದ್ದೆವು. ಷೇರು ದಲ್ಲಾಳಿ ಕೇತನ್ ಪಾರೇಖ್ ಕಾಲದ ಷೇರುಪೇಟೆಯ ಸಾಲಗಳು 2001ರಲ್ಲಿ ಅದರ ಕುತ್ತಿಗೆಗೆ ಬಂದವು. ಮೂರು ವರ್ಷ ಎಳೆದಾಡಿ ಕೊನೆಗೆ ಮುಗ್ಗರಿಸಿತು. ಮುಗ್ಗರಿಸಿದ ಮೂರು ವಾರಕ್ಕೇ ಅದನ್ನು ಓರಿಯೆಂಟಲ್ ಬ್ಯಾಂಕ್ ಆಫ್ ಕಾಮರ್ಸಿನ ಮಡಿಲಿಗೆ ಹಾಕಿದರು. ಠೇವಣಿದಾರರ ಒಂದು ಪೈಸೆಯೂ ಹೋಗಲಿಲ್ಲ. ಷೇರುದಾರರಿಗೆ ಒಂದು ಪೈಸೆಯೂ ಸಿಗಲಿಲ್ಲ. ಬಿದ್ದ ಸಾಲಗಳ ಹೊರೆ ಹೋಗಿ ಕುಳಿತದ್ದು ಒಂದು ಸರಕಾರಿ ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ. ಆ ಬ್ಯಾಂಕಿನ ಷೇರುದಾರರನ್ನಾಗಲೀ ನೌಕರರನ್ನಾಗಲೀ ಯಾರೂ ಕೇಳಿದಂತೆ ಕಾಣಲಿಲ್ಲ.

ಬ್ಯಾಂಕು ಉಳಿಯಿತೇ, ಮುಳುಗಿತೇ ಎನ್ನುವುದು ಪತ್ರಿಕೆಯ ತಲೆಬರಹ. ನಷ್ಟ ಎಲ್ಲಿಗೆ ಹೋಯಿತು ಎನ್ನುವುದು ಒಳಪುಟಕ್ಕೂ ಬರುವುದಿಲ್ಲ. ನನ್ನ ಸರ್ವಿಸಿನುದ್ದಕ್ಕೂ ನಾನು ಕುತೂಹಲದಿಂದ ನೋಡಿದ್ದು ಈ ಎರಡನೆಯದನ್ನೇ. ಸಾಲವಾಗಿ ಹೋದ ಹಣ ಮರಳದಿದ್ದರೆ ಯಾರಾದರೊಬ್ಬರು ಅದನ್ನು ತುಂಬಲೇಬೇಕು. ಯಾರು ಎಂಬುದನ್ನು ಮಾತ್ರ ನಮ್ಮ ದೇಶದಲ್ಲಿ ಮೊದಲೇ ಹೇಳಿಡುವ ಪದ್ಧತಿಯಿಲ್ಲ. ಒಂದು ಸಂಜೆ ಅಧಿಸೂಚನೆ ಬರುತ್ತದೆ, ಆಗ ಗೊತ್ತಾಗುತ್ತದೆ.

ನಾನು ಗುಮಾಸ್ತನಾಗಿ ಸೇರಿದಾಗ ನಮ್ಮ ಶಾಖೆಯ ಮ್ಯಾನೇಜರು ಕಾಸರಗೋಡಿನ ಕಡೆಯವರು. ಸಂಜೆ ಕ್ಯಾಶ್ ಟ್ಯಾಲಿಯಾಗದೆ ಕುಳಿತಾಗಲೆಲ್ಲ ಪಾಲಾಯ್ ಬ್ಯಾಂಕಿನ ಕತೆ ಹೇಳುತ್ತಿದ್ದರು. ಅವರ ಸೋದರಮಾವ ಕೊಚ್ಚಿಯಲ್ಲಿ ಹೋಟೆಲು ಇಟ್ಟಿದ್ದರಂತೆ, ಗಳಿಸಿದ್ದನ್ನೆಲ್ಲ ಪಾಲಾಯ್ ಸೆಂಟ್ರಲ್ ಬ್ಯಾಂಕಿನಲ್ಲಿ ಇಟ್ಟಿದ್ದರಂತೆ. ಕೇರಳದ ಅತಿ ದೊಡ್ಡ ಬ್ಯಾಂಕು ಅದು. 1960ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಹೈಕೋರ್ಟಿಗೆ ಹೋಗಿ ಅದನ್ನು ಮುಚ್ಚಿಸಿತು. ಮಾವನ ದುಡ್ಡು ಕಂತು ಕಂತಾಗಿ, ಒಂದಿಷ್ಟು ಮಾತ್ರ, ವರ್ಷಗಳ ಮೇಲೆ ಬಂತು. ಕೊನೆಯ ಕಂತು ಬಂದಾಗ ಹೋಟೆಲೇ ಇರಲಿಲ್ಲ ಎನ್ನುತ್ತಿದ್ದರು ಮ್ಯಾನೇಜರು.

ಆ ಸಲ ನಷ್ಟ ನೇರವಾಗಿ ಠೇವಣಿದಾರನ ತಲೆಯ ಮೇಲೆ ಬಿತ್ತು. ಸರಕಾರ ಬೆಚ್ಚಿಬಿತ್ತು. ದುರ್ಬಲ ಬ್ಯಾಂಕನ್ನು ಮೊರಟೋರಿಯಂನಲ್ಲಿಟ್ಟು ಬಲವಂತವಾಗಿ ಇನ್ನೊಂದರ ಜೊತೆ ಸೇರಿಸುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಬಂದದ್ದು ಅದೇ ವರ್ಷ. 1962ರ ಜನವರಿ 1ರಿಂದ ಠೇವಣಿ ವಿಮೆ ಶುರುವಾಯಿತು, ತಲಾ 1,500 ರೂಪಾಯಿಯವರೆಗೆ. ಅರವತ್ತರ ದಶಕದಲ್ಲಿ ಸಣ್ಣ ಬ್ಯಾಂಕುಗಳು ಸಾಲುಸಾಲಾಗಿ ದೊಡ್ಡವುಗಳಲ್ಲಿ ಲೀನವಾದವು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕೊಂದೇ 1963ರಿಂದ 68ರೊಳಗೆ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತ್ತು. 1969ರಲ್ಲಿ ರಾಷ್ಟ್ರೀಕರಣವಾದ ಮೇಲಂತೂ ಬ್ಯಾಂಕು ಮುಳುಗುವುದು ಎಂಬ ಮಾತನ್ನೇ ಜನ ಮರೆತರು. ನಾವೂ ಮರೆತೆವು ಅನ್ನಿ.

ಮರೆತದ್ದರ ಬೆಲೆ ಏನು ಎಂದು ನನಗೆ ತಿಳಿದದ್ದು ಹೆಡ್ ಆಫೀಸಿನ ಕ್ರೆಡಿಟ್ ವಿಭಾಗಕ್ಕೆ ವರ್ಗವಾದ ಮೇಲೆ. ದೊಡ್ಡ ಸಾಲಗಳನ್ನು ಯಾವ ಬ್ಯಾಂಕೂ ಒಂದೇ ಕೊಡುವುದಿಲ್ಲ, ಹತ್ತು ಹದಿನೈದು ಬ್ಯಾಂಕುಗಳು ಕೂಡಿ ಕನ್ಸಾರ್ಷಿಯಂ ಮಾಡಿಕೊಳ್ಳುತ್ತವೆ. ಅಪಾಯ ಹಂಚಿಹೋಗಲಿ ಎಂಬುದು ಉದ್ದೇಶ. ಹಂಚಿಹೋದದ್ದು ಜವಾಬ್ದಾರಿ. ಮುಂಬಯಿಯ ಪಂಚತಾರಾ ಹೋಟೆಲಿನಲ್ಲಿ ಸಭೆ. ಲೀಡ್ ಬ್ಯಾಂಕಿನವರು ಯೋಜನಾ ವರದಿ ಮುಂದಿಡುತ್ತಿದ್ದರು. ಮಿಕ್ಕವರು ಅದನ್ನು ತಮ್ಮ ತಮ್ಮ ಲೆಟರ್‌ಹೆಡ್ಡಿಗೆ ಇಳಿಸಿಕೊಂಡು ಬೋರ್ಡಿಗೆ ಕಳಿಸುತ್ತಿದ್ದರು. ಒಂದು ಟಿಪ್ಪಣಿಯಲ್ಲಿ ಬೇರೆ ಬ್ಯಾಂಕಿನ ಹೆಸರು ಹಾಗೆಯೇ ಉಳಿದುಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೇ ರೂಪದಲ್ಲಿ ಬೋರ್ಡು ಮಂಜೂರನ್ನೂ ಮಾಡಿತ್ತು.

ಸಾಲ ಕೆಟ್ಟಾಗ ಕೆಟ್ಟಿದೆ ಎಂದು ಬರೆಯುವುದು ಯಾರಿಗೂ ಬೇಕಿರಲಿಲ್ಲ. ಕಂತು 90 ದಿನ ತಪ್ಪಿದರೆ ಸಾಲ ಎನ್‌ಪಿಎ ಆಗುತ್ತದೆ, ಅದಕ್ಕೆ ಲಾಭದಿಂದ ಹಣ ತೆಗೆದಿಡಬೇಕು. ಅಧ್ಯಕ್ಷರ ಅವಧಿ ಎರಡೋ ಮೂರೋ ವರ್ಷ. ಅಷ್ಟರೊಳಗೆ ಲಾಭ ತೋರಿಸಬೇಕು. ಹಾಗಾಗಿ ಮಾರ್ಚ್ 31ರ ರಾತ್ರಿ ನಡೆಯುತ್ತಿದ್ದ ಕಸರತ್ತುಗಳೇ ಬೇರೆ. ವಿದ್ಯುತ್ ಯೋಜನೆಯೊಂದರ ಫೈಲು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಸಿರು ರಟ್ಟು, ಟ್ಯಾಗು ಹಾಕಲು ಜಾಗವಿಲ್ಲದೆ ಎರಡು ಭಾಗವಾಗಿದ್ದ ಫೈಲು. ಒಂದೇ ದಿನ ಎರಡು ವೋಚರು: ಬೆಳಗ್ಗೆ ಕಂಪನಿಗೆ ಹೊಸ ಅಲ್ಪಾವಧಿ ಸಾಲ, ಮಧ್ಯಾಹ್ನ ಅದೇ ಕಂಪನಿಯಿಂದ ಹಳೆ ಸಾಲದ ಬಾಕಿ ಬಡ್ಡಿ ಜಮಾ. ಖಾತೆ ಮತ್ತೆ ಸ್ಟ್ಯಾಂಡರ್ಡ್. ನಮ್ಮಲ್ಲಿ ಇದಕ್ಕೆ ಎವರ್‌ಗ್ರೀನಿಂಗ್ ಎನ್ನುತ್ತಿದ್ದರು, ನಗುತ್ತಲೇ.

ಎಲ್ಲವೂ ಕಳ್ಳತನ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಕೇಳುವವರಿಗೆ ಸುಲಭ, ಆದರೆ ನಿಜವಲ್ಲ. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದು ಮಾಡಿತು. ಅವುಗಳನ್ನು ನಂಬಿ ಬಾಯ್ಲರು ಕೂರಿಸಿದ್ದವರ ಕತೆ ಮುಗಿಯಿತು. ಸಾಲ ಕೊಡುವಾಗ ಆರ್ಥಿಕತೆ ನಾಗಾಲೋಟದಲ್ಲಿತ್ತು, ಮೂಲಸೌಕರ್ಯಕ್ಕೆ ಕೊಡಿ ಕೊಡಿ ಎಂದು ದಿಲ್ಲಿಯಿಂದ ಒತ್ತಡವೂ ಇತ್ತು. ಆದರೆ ಕೆಟ್ಟದ್ದು ಕಂಡ ಮೇಲೂ ಮುಚ್ಚಿಟ್ಟದ್ದಕ್ಕೆ ಈ ಯಾವ ಕಾರಣವೂ ಒಪ್ಪುವಂಥದ್ದಲ್ಲ. ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ ವಿಷಯವನ್ನೇ ನೋಡಿ. 2011ರಲ್ಲಿ ಬ್ಯಾಂಕುಗಳು ಅದರ ಸಾಲದ ಒಂದು ಭಾಗವನ್ನು ಷೇರಾಗಿ ಬದಲಿಸಿಕೊಂಡವು. ಪೇಟೆಯಲ್ಲಿ 40 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರಿಗೆ ಅವು ಕೊಟ್ಟ ಬೆಲೆ 64 ರೂಪಾಯಿ 48 ಪೈಸೆ. ಮರುವರ್ಷ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ತನ್ನ ಸ್ವಂತ ದುಡ್ಡಿನಲ್ಲಿ ಯಾವ ವ್ಯಾಪಾರಿ ಹಾಗೆ ಕೊಳ್ಳುತ್ತಾನೆ?

2015ರ ದ್ವಿತೀಯಾರ್ಧದಲ್ಲಿ ರಿಸರ್ವ್ ಬ್ಯಾಂಕಿನ ತಂಡಗಳು ಬಂದವು. ಗವರ್ನರ್ ರಘುರಾಂ ರಾಜನ್ ಕಾಲದ ಆಸ್ತಿ ಗುಣಮಟ್ಟ ಪರಿಶೀಲನೆ, ಎಕ್ಯುಆರ್. ಅದುವರೆಗಿನ ಇನ್‌ಸ್ಪೆಕ್ಷನ್ನಿನವರು ಫೈಲು ಕೇಳುತ್ತಿದ್ದರು, ಊಟದ ವೇಳೆಗೆ ಸಮಾಧಾನವಾಗುತ್ತಿದ್ದರು. ಇವರು ಫೈಲನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಹಾಕುತ್ತಿದ್ದರು: "ಈ ಬಡ್ಡಿ ಕಟ್ಟಿದ ಹಣ ಎಲ್ಲಿಂದ ಬಂತು?" ಆ ಹಸಿರು ಫೈಲಿನ ಎರಡು ವೋಚರುಗಳನ್ನು ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಹತ್ತು ನಿಮಿಷಕ್ಕೇ ಹುಡುಕಿ ತೆಗೆದಳು. ನಮ್ಮ ಜನರಲ್ ಮ್ಯಾನೇಜರು ಕರ್ಚೀಫು ತೆಗೆದು ಕನ್ನಡಕ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಸರಕಾರಿ ಬ್ಯಾಂಕುಗಳ ವಸೂಲಾಗದ ಸಾಲ 2015ರ ಮಾರ್ಚಿನಲ್ಲಿ ಪುಸ್ತಕದ ಪ್ರಕಾರ ಸುಮಾರು 2.79 ಲಕ್ಷ ಕೋಟಿ. 2018ರ ಮಾರ್ಚಿಗೆ ಸುಮಾರು 8.96 ಲಕ್ಷ ಕೋಟಿ. ಅದೆಲ್ಲ ಮೂರು ವರ್ಷದಲ್ಲಿ ಹೊಸದಾಗಿ ಕೆಟ್ಟದ್ದಲ್ಲ, ಬಹುಪಾಲು ಮೊದಲೇ ಕೆಟ್ಟು ಬಣ್ಣ ಬಳಿಸಿಕೊಂಡದ್ದು. 21 ಸರಕಾರಿ ಬ್ಯಾಂಕುಗಳಲ್ಲಿ 11, ದುರ್ಬಲ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಹಾಕುವ ಪಿಸಿಎ ಕಟ್ಟುಪಾಡಿಗೆ ಬಿದ್ದವು. ದೊಡ್ಡ ಸಾಲ ನಿಂತಿತು, ಹೊಸ ಶಾಖೆ ನಿಂತಿತು. ಖಾಸಗಿ ಬ್ಯಾಂಕಾಗಿದ್ದರೆ ಅಷ್ಟೊತ್ತಿಗೆ ಠೇವಣಿದಾರರ ಸಾಲು ರಸ್ತೆಗೆ ಬಂದಿರುತ್ತಿತ್ತು. ನಮ್ಮ ಶಾಖೆಗಳಲ್ಲಿ ಪಾಸ್‌ಬುಕ್ ಪ್ರಿಂಟರಿನ ಮುಂದೆ ಇದ್ದಷ್ಟೇ ಸಾಲು.

2017ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ 2.11 ಲಕ್ಷ ಕೋಟಿಯ ಬಂಡವಾಳ ನೆರವು ಘೋಷಿಸಿತು. ಅದರಲ್ಲಿ 1.35 ಲಕ್ಷ ಕೋಟಿ ಮರುಬಂಡವಾಳ ಬಾಂಡುಗಳ ಮೂಲಕ. ಈ ಬಾಂಡುಗಳ ಲೆಕ್ಕವನ್ನು ನಮ್ಮ ಹೊಸ ಪ್ರೊಬೇಷನರಿ ಹುಡುಗನೊಬ್ಬನಿಗೆ ನಾನು ವೋಚರು ಬರೆದೇ ತೋರಿಸಬೇಕಾಯಿತು. ಸರಕಾರ 1,000 ಕೋಟಿಯ ಬಾಂಡು ಹೊರಡಿಸುತ್ತದೆ. ಅದನ್ನು ಕೊಳ್ಳುವವರು ಯಾರು? ಬಂಡವಾಳವಿಲ್ಲದೆ ಒದ್ದಾಡುತ್ತಿರುವ ಅದೇ ಬ್ಯಾಂಕು, ತನ್ನಲ್ಲಿರುವ ಠೇವಣಿಯ ಹಣದಿಂದ. ಬ್ಯಾಂಕಿನಿಂದ ಸರಕಾರಕ್ಕೆ 1,000 ಕೋಟಿ ಹೋಯಿತು. ಅದೇ ದಿನ ಸರಕಾರ ಅದೇ 1,000 ಕೋಟಿಯನ್ನು ಬ್ಯಾಂಕಿಗೆ ಷೇರು ಬಂಡವಾಳವಾಗಿ ಕೊಟ್ಟಿತು. ನಗದು ಹೋದಂತೆಯೇ ಬಂತು. ಆದರೆ ಪುಸ್ತಕದ ಒಂದು ಬದಿಗೆ ಬಾಂಡು ಎಂಬ ಆಸ್ತಿ, ಇನ್ನೊಂದು ಬದಿಗೆ ಬಂಡವಾಳ. ಬ್ಯಾಂಕು ಗಟ್ಟಿ!

ಹುಡುಗ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದ. "ಸರ್, ಹಾಗಾದ್ರೆ ಯಾರೂ ದುಡ್ಡು ಹಾಕಲೇ ಇಲ್ವಲ್ಲ?"

ಹಾಕುತ್ತಾರೆ, ನಿಧಾನಕ್ಕೆ. ಆ ಬಾಂಡುಗಳಿಗೆ ಸರಕಾರ ವರ್ಷ ವರ್ಷ ಶೇ. 7ರ ಮೇಲೆ ಬಡ್ಡಿ ಕೊಡಬೇಕು, 10–15 ವರ್ಷಗಳ ನಂತರ ಅಸಲು ತೀರಿಸಬೇಕು. ಎಲ್ಲವೂ ತೆರಿಗೆಯ ಹಣದಿಂದ. ಆ ಹುಡುಗ ಅಲ್ಲಿಯವರೆಗೂ ಪೆಟ್ರೋಲು ಹಾಕಿಸುವಾಗ, ಬೆಂಕಿಪೊಟ್ಟಣ ಕೊಳ್ಳುವಾಗ ಆ ವಿದ್ಯುತ್ ಯೋಜನೆಯ ಪಾಲನ್ನು ಒಂದಿಷ್ಟು ತೀರಿಸುತ್ತಿರುತ್ತಾನೆ. ಇದೊಂದು ಕೆಟ್ಟ ಉಪಾಯ ಎಂದು ನಾನು ಅಂದುಕೊಂಡಿಲ್ಲ. ಖಜಾನೆಯಲ್ಲಿ ನಗದು ಇಲ್ಲದಾಗ, ಬ್ಯಾಂಕುಗಳು ಸಾಲ ಕೊಡುವುದನ್ನೇ ನಿಲ್ಲಿಸಿದಾಗ ಬೇರೆ ದಾರಿ ಕಡಿಮೆ. ತೊಂಬತ್ತರ ದಶಕದಲ್ಲೂ ಇದೇ ಉಪಾಯ ಮಾಡಿದ್ದರು. ನನ್ನ ತಕರಾರು ಇಷ್ಟೇ: ನೋವಾಗದಂತೆ ಮಾಡಿದ ಈ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಯಾರು ಎಂದೇ ರೋಗಿಗೆ ತಿಳಿಯಲಿಲ್ಲ. 2016-17ರಿಂದ ಐದು ವರ್ಷಗಳಲ್ಲಿ ಸರಕಾರ ತನ್ನ ಬ್ಯಾಂಕುಗಳಿಗೆ ಹಾಕಿದ್ದು, ಬಾಂಡು ನಗದು ಎಲ್ಲ ಸೇರಿ, ಒಟ್ಟು 3 ಲಕ್ಷ ಕೋಟಿಗೂ ಮಿಕ್ಕಿ.

ಬಾಂಡುಗಳ ಘೋಷಣೆಯಾದ ವರ್ಷವೇ ಎಫ್‌ಆರ್‌ಡಿಐ ಮಸೂದೆಯ ಗಲಾಟೆ. ಮುಳುಗುವ ಬ್ಯಾಂಕಿನ ನಷ್ಟವನ್ನು ಯಾರು ಯಾವ ಕ್ರಮದಲ್ಲಿ ಹೊರಬೇಕು ಎಂದು ಮೊದಲ ಬಾರಿಗೆ ಬರೆದಿಡಲು ಹೊರಟ ಕಾನೂನು ಅದು. 2017ರ ಆಗಸ್ಟಿನಲ್ಲಿ ಲೋಕಸಭೆಗೆ ಬಂತು. ಅದರಲ್ಲಿ 'ಬೇಲ್ ಇನ್' ಎಂಬ ಒಂದು ಕಲಮು. ಹೊರಗಿನಿಂದ ದುಡ್ಡು ತರುವ ಬದಲು ಬ್ಯಾಂಕಿಗೆ ಸಾಲ ಕೊಟ್ಟವರ ಹಣವನ್ನೇ ಕಡಿತ ಮಾಡಬಹುದು ಎಂಬ ಅರ್ಥದ್ದು. ವಿಮೆಯಿರುವ ಠೇವಣಿಗೆ ರಕ್ಷಣೆ ಇತ್ತು. ಅದನ್ನು ಯಾರು ಓದುತ್ತಾರೆ? ಡಿಸೆಂಬರಿನ ಹೊತ್ತಿಗೆ ವಾಟ್ಸ್ಆ್ಯಪ್ ಎಲ್ಲ ಅದೇ: ನಿಮ್ಮ ಎಫ್.ಡಿ. ಸರಕಾರ ನುಂಗುತ್ತದೆ!

ನಾನಾಗ ರೀಜನಲ್ ಆಫೀಸಿನಲ್ಲಿದ್ದೆ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬಂದರು, ಅವರಿಗೆ ಶಾಖೆಯವರ ಮಾತಿನಲ್ಲಿ ನಂಬಿಕೆ ಬಂದಿರಲಿಲ್ಲ. ಕೂರಿಸಿ ವಿವರಿಸಿದೆ. ಈಗಿನ ಕಾನೂನಿನಲ್ಲೂ ಬ್ಯಾಂಕು ಮುಳುಗಿದರೆ ಗ್ಯಾರಂಟಿ ಇರುವುದು ಒಂದು ಲಕ್ಷಕ್ಕೆ ಮಾತ್ರ ಮಾಸ್ತರೇ, 1993ರಿಂದ ಅಷ್ಟೇ, ಮಿಕ್ಕಿದ್ದು ಸಿಕ್ಕರೆ ಸಿಕ್ಕಿತು ಎಂದೆ. ಮಾಸ್ತರು ಹೌಹಾರಿದರು. ಅವರು ಬಂದದ್ದು ಹೊಸ ಕಾನೂನಿಗೆ ಹೆದರಿ, ನಾನು ಹಳೆಯದಕ್ಕೂ ಹೆದರಿಸಿಬಿಟ್ಟಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹಾಗೇ ಇರಲಿ ಮಾರಾಯ್ರೆ, ಆದರೆ ಬರೆದಿಡುವುದು ಎಂತಕ್ಕೆ?" ಎಂದರು. ಮರುವರ್ಷ ಸರಕಾರವೂ ಅದನ್ನೇ ಹೇಳಿದಂತೆ ಮಸೂದೆಯನ್ನು ವಾಪಸು ಪಡೆಯಿತು. ಆ ಮಸೂದೆಯಲ್ಲಿ ದೋಷಗಳಿದ್ದವು. ಆದರೆ ಅದು ಎತ್ತಿದ ಪ್ರಶ್ನೆಯನ್ನೂ ಅದರ ಜೊತೆಗೇ ಹೂತುಹಾಕಿದ್ದು ಹೇಡಿತನ ಎಂದೇ ಈಗಲೂ ನನ್ನ ಅಭಿಪ್ರಾಯ.

ಬರೆದಿಡದ ಮೇಲೆ ಏನಾಗುತ್ತದೆ ಎಂದು 2020ರಲ್ಲಿ ಕಂಡೆವು. ನಾನು ನಿವೃತ್ತನಾಗಿದ್ದೆ. ಮಾರ್ಚ್ 5ರ ಸಂಜೆ ಯೆಸ್ ಬ್ಯಾಂಕಿನ ಮೇಲೆ ಮೊರಟೋರಿಯಂ, ತೆಗೆಯಬಹುದಾದದ್ದು 50,000 ರೂಪಾಯಿ. ಆ ಬ್ಯಾಂಕಿನ ಮೂಲಕ ಹಣ ಹರಿಸುತ್ತಿದ್ದ ಫೋನ್ ಪೇ ಕೂಡ ನಿಂತುಹೋಯಿತು, ತರಕಾರಿಯವನಿಗೂ ಬಿಸಿ ಮುಟ್ಟಿತು. ಸ್ಟೇಟ್ ಬ್ಯಾಂಕು ಮುಂದೆ ನಿಂತು 10 ರೂಪಾಯಿಯಂತೆ ಷೇರು ಕೊಂಡಿತು. ಐಸಿಐಸಿಐ, ಎಚ್‌ಡಿಎಫ್‌ಸಿ ತಲಾ 1,000 ಕೋಟಿ ಹಾಕಿದವು. ಮಾರ್ಚ್ 18ರ ಸಂಜೆ ನಿರ್ಬಂಧ ಮುಗಿಯಿತು. ಎರಡು ವಾರವೂ ಹಿಡಿಯಲಿಲ್ಲ! ಕೆಲಸ ಚೊಕ್ಕವಾಗಿತ್ತು, ನಿಜ. ಈ ಸಲ ನಷ್ಟ ಬಿದ್ದದ್ದು ಎಟಿ-1 ಎಂಬ ಬಾಂಡು ಕೊಂಡವರ ಮೇಲೆ, 8,415 ಕೋಟಿ ಸೊನ್ನೆಯಾಯಿತು. ವಿಚಿತ್ರವೆಂದರೆ, ಬ್ಯಾಂಕು ಕೆಟ್ಟರೆ ನಷ್ಟ ನಿನ್ನದು ಎಂದು ಮೊದಲೇ ಬರೆದುಕೊಟ್ಟಿದ್ದು ಇವರಿಗೆ ಮಾತ್ರ. ಷೇರುದಾರರನ್ನು ಪೂರ್ತಿ ಮುಳುಗಿಸದೆ ನಮ್ಮನ್ನು ಮುಳುಗಿಸಿದ್ದೀರಿ ಎಂದು ಅವರು ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಆ ರದ್ದತಿಯನ್ನೇ ರದ್ದು ಮಾಡಿತು, ವ್ಯಾಜ್ಯ ಸುಪ್ರೀಂ ಕೋರ್ಟು ಹತ್ತಿತು.

ದೊಡ್ಡ ಬ್ಯಾಂಕಿಗೆ ಎರಡು ವಾರ. ಅದಕ್ಕೂ ಆರು ತಿಂಗಳ ಹಿಂದೆ ಮುಂಬಯಿಯ ಪಿಎಂಸಿ ಸಹಕಾರಿ ಬ್ಯಾಂಕಿನ ಠೇವಣಿದಾರರಿಗೆ ಮೊದಲು ಸಿಕ್ಕಿದ್ದು 1,000 ರೂಪಾಯಿ. ಅದೂ ಆರು ತಿಂಗಳಿಗೆ. ಮಿತಿಯನ್ನು ಮೆಲ್ಲಗೆ ಏರಿಸಿದರು. ಅದು ಇನ್ನೊಂದು ಬ್ಯಾಂಕಿನಲ್ಲಿ ಸೇರಿದ್ದು 2022ರ ಜನವರಿಯಲ್ಲಿ, ಹೆಚ್ಚು ಹಣವಿಟ್ಟವರಿಗೆ ಹತ್ತು ವರ್ಷದ ಕಂತು. ದೊಡ್ಡ ಬ್ಯಾಂಕು ಬಿದ್ದರೆ ಮಿಕ್ಕವನ್ನೂ ಎಳೆದುಕೊಂಡು ಬೀಳುತ್ತದೆ, ಸಣ್ಣದು ಒಂಟಿಯಾಗಿ ಬೀಳುತ್ತದೆ. ಲೆಕ್ಕ ಸರಿ. ಆದರೆ ಒಳಗಿದ್ದವನಿಗೆ ಬೀಳುವ ಪೆಟ್ಟು ಎರಡರಲ್ಲೂ ಒಂದೇ.

ನನ್ನ ಭಾವ ಬೆಂಗಳೂರಿನಲ್ಲಿ ಅಂಥದೇ ಒಂದು ಸಹಕಾರಿ ಬ್ಯಾಂಕಿನಲ್ಲಿ ಹಣ ಇಟ್ಟಿದ್ದರು. ಅರ್ಧ ಪರ್ಸೆಂಟು ಹೆಚ್ಚು ಬಡ್ಡಿ, ಮ್ಯಾನೇಜರು ಪರಿಚಯ, ವರ್ಷಕ್ಕೊಮ್ಮೆ ಸತ್ಯನಾರಾಯಣ ಪೂಜೆಗೆ ಆಹ್ವಾನ. ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿದ್ದಾಗ ಅದೇ ಮ್ಯಾನೇಜರು ಫೋನು ಎತ್ತಲಿಲ್ಲ. ಭಾವ ಪ್ರತಿಭಟನೆಗೂ ಹೋದರು, ಒಂದು ಕೈಯಲ್ಲಿ ಬ್ಯಾನರು, ಇನ್ನೊಂದರಲ್ಲಿ ಬಿ.ಪಿ. ಮಾತ್ರೆ. ಅವರ ಪುಣ್ಯಕ್ಕೆ 2020ರ ಫೆಬ್ರವರಿಯಲ್ಲಿ ವಿಮೆ ಐದು ಲಕ್ಷಕ್ಕೆ ಏರಿತ್ತು, 2021ರಲ್ಲಿ ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆ ಕೊಡಬೇಕೆಂಬ ತಿದ್ದುಪಡಿಯೂ ಬಂತು. ಐದು ಲಕ್ಷ ಕೈಗೆ ಸಿಕ್ಕಿತು. ಆ ಹಣ ಬಂದದ್ದು ಎಲ್ಲ ಬ್ಯಾಂಕುಗಳೂ ನೂರಕ್ಕೆ 12 ಪೈಸೆಯಂತೆ ಕಟ್ಟುತ್ತಿದ್ದ ಪ್ರೀಮಿಯಂನಿಂದ. ಗಟ್ಟಿ ಬ್ಯಾಂಕಿಗೂ ಟೊಳ್ಳು ಬ್ಯಾಂಕಿಗೂ ಆಗ ಒಂದೇ ದರ. ಪ್ರೀಮಿಯಂನ ಬಹುಪಾಲು ಕಟ್ಟುವವು ದೊಡ್ಡ ವಾಣಿಜ್ಯ ಬ್ಯಾಂಕುಗಳು, ಪರಿಹಾರ ಬಹುಪಾಲು ಹೋಗುವುದು ಸಹಕಾರಿ ಬ್ಯಾಂಕುಗಳ ಠೇವಣಿದಾರರಿಗೆ. ಭಾವನ ನಷ್ಟ ಹೀಗೆ ಗೊತ್ತಿಲ್ಲದ ಸಾವಿರಾರು ಜನರ ಮೇಲೆ ಚೂರುಚೂರಾಗಿ ಬಿತ್ತು.

ಹಣ ಬಂದ ಮೇಲೆ ಒಂದು ಭಾನುವಾರ ಡೈರಿ ಹಿಡಿದುಕೊಂಡು ಕೂತರು. ಇನ್ನು ಎಲ್ಲೂ ಐದು ಲಕ್ಷ ಮೀರಿ ಇಡುವುದಿಲ್ಲವೆಂದು ಶಪಥ. ಸಿಂಡಿಕೇಟಿನಲ್ಲಿ ನಾಲ್ಕೂವರೆ, ಕೆನರಾದಲ್ಲಿ ನಾಲ್ಕೂವರೆ ಹಳೆಯದು ಇದೆ, ಎರಡೂ ಸೇಫ್ ಅಲ್ವಾ ಎಂದು ಕೇಳಿದರು.

"ಭಾವ, ಸಿಂಡಿಕೇಟು ಈಗ ಎಲ್ಲಿದೆ? 2020ರ ಏಪ್ರಿಲಿನಲ್ಲೇ ಕೆನರಾದಲ್ಲಿ ಸೇರಿತಲ್ಲ. ಒಬ್ಬರಿಗೆ ಒಂದು ಬ್ಯಾಂಕಿಗೆ ಲೆಕ್ಕ. ಈಗ ನಿಮ್ಮದು ಒಟ್ಟು ಒಂಬತ್ತು, ವಿಮೆ ಇರುವುದು ಐದಕ್ಕೆ."

"ಎಂತದು ಮಾರಾಯ! ಬ್ಯಾಂಕು ಗಟ್ಟಿಯಾಗಲಿ ಅಂತ ಅವರು ಸೇರಿಸಿದರೆ ನನ್ನ ನಾಲ್ಕು ಲಕ್ಷ ಬಯಲಿಗೆ ಬಿತ್ತಾ?"

ಕೆನರಾ ಬೀಳುವ ಬ್ಯಾಂಕಲ್ಲ, ಬೀಳಲು ಯಾವ ಸರಕಾರವೂ ಬಿಡುವುದಿಲ್ಲ ಎಂದು ಸಮಾಧಾನ ಹೇಳಿದೆ. ಹೇಳುವಾಗಲೇ, ಇದೂ ಎಲ್ಲೂ ಬರೆದಿಟ್ಟ ಮಾತಲ್ಲ ಎಂದು ಹೊಳೆಯಿತು. ಹಾಗಾಗಿ ಬರೆದಿಟ್ಟ ದಾರಿಯೊಂದನ್ನು ತೋರಿಸಿದೆ. ಜಂಟಿ ಖಾತೆಯಲ್ಲಿ ಹೆಸರುಗಳ ಕ್ರಮ ಬದಲಾದರೆ ವಿಮೆಯ ಲೆಕ್ಕವೂ ಬೇರೆಯಾಗುತ್ತದೆ. ಒಂದು ಎಫ್.ಡಿ.ಯನ್ನು ಅಕ್ಕನ ಹೆಸರು ಮೊದಲು ಹಾಕಿ ಜಂಟಿ ಮಾಡಿಬಿಡಿ, ಅದಕ್ಕೆ ಬೇರೆ ಐದು ಲಕ್ಷದ ರಕ್ಷಣೆ ಸಿಗುತ್ತದೆ ಎಂದೆ.

ಅಡುಗೆಮನೆಯಿಂದ ಅಕ್ಕ ಕೇಳಿಸಿಕೊಂಡಿದ್ದಳು. ಒಗ್ಗರಣೆ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಮದುವೆಯಾಗಿ ನಲವತ್ತು ವರ್ಷ. ನನ್ನ ಹೆಸರು ಮೊದಲು ಬರಲಿಕ್ಕೆ ಒಂದು ಬ್ಯಾಂಕು ಮುಳುಗಬೇಕಾಯ್ತು ನೋಡು" ಎಂದಳು. ಭಾವ ಡೈರಿಯಿಂದ ತಲೆ ಎತ್ತಲಿಲ್ಲ. ಫಾರಂಗೆ ಅವಳ ಪಾನ್ ಕಾರ್ಡು ಬೇಕಾಗುತ್ತದಾ ಎಂದು ನನ್ನನ್ನು ಕೇಳಿದರು.